ಶಿರಾ ಕ್ಷೇತ್ರದ ಟಿಕೆಟ್‌ಗೆ ಸದಸ್ಯರ ಮತ: ಪಟ್ಟಿ, ಪೆಟ್ಟಿಗೆ, ಬಿ ಫಾರಂ ಲೆಕ್ಕ ಹೇಗೆ?

ಹುಣಸೇಮರ (ಶಿರಾ)

ಪಕ್ಷ ಯಾವುದೆಂದು ಕೇಳಬೇಡಿ, ಹೇಳಿದರೆ ಚರ್ಚೆಯೆಲ್ಲ ಆ ಕಡೆಗೇ ಹೊರಳುತ್ತದೆ. 2028ರ ವಿಧಾನಸಭೆ ಚುನಾವಣೆಗೆ ನಮ್ಮಲ್ಲಿ ಈಗಲೇ ನಾಲ್ವರು ಆಕಾಂಕ್ಷಿಗಳು. ಬೆಂಗಳೂರಿನಲ್ಲಿ ಹೆಸರು ಅಖೈರು ಆಗುವ ಮೊದಲು ಕ್ಷೇತ್ರದ ಸದಸ್ಯರಿಂದ ಗುಪ್ತ ಮತ ಹಾಕಿಸೋಣ ಎಂದು ತಾಲ್ಲೂಕು ಸಮಿತಿ ತೀರ್ಮಾನಿಸಿದೆ. ರಾಜ್ಯ ಸಮಿತಿಯವರು "ಮಾಡಿ, ಪರಿಗಣಿಸೋಣ" ಅಂದಿದ್ದಾರೆ, ಬಾಯಿಮಾತಲ್ಲಿ. ಕಸಬಾ, ಕಳ್ಳಂಬೆಳ್ಳ, ಗೌಡಗೆರೆ, ಹುಲಿಕುಂಟೆ ಹೋಬಳಿಗಳು ಸೇರಿ ಸದಸ್ಯತ್ವ ಪುಸ್ತಕದಲ್ಲಿ ಸುಮಾರು 2,400 ಹೆಸರಿವೆ.

ಗೊತ್ತಿದ್ದವರು ತಿಳಿಸಿ: ಇಲ್ಲಿ ಗೆದ್ದವರಿಗೇ ಬಿ ಫಾರಂ ಕೊಡಲೇಬೇಕು ಅನ್ನುವ ಕಾನೂನು ಏನಾದರೂ ಇದೆಯೇ? ಮತದಾನ ತಕರಾರಿಲ್ಲದೆ ನಡೆಸುವುದು ಹೇಗೆ? ಇಷ್ಟೆಲ್ಲ ಯಾಕೆ, ಒಂದು ಸರ್ವೆ ಮಾಡಿಸಿದರೆ ಸಾಲದೇ ಅನ್ನುವವರಿಗೆ ಏನು ಹೇಳಲಿ? ಸೋತವರು ಬಂಡಾಯ ನಿಂತರೆ?

ಬಾರ್‌ರೂಮ್ ಬೆಂಚು (ತುಮಕೂರು)

ಕಾನೂನಿನ ಪ್ರಶ್ನೆಗೆ ಉತ್ತರ: ಇಲ್ಲ ಸರ್. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಪಕ್ಷದ ನೋಂದಣಿಗೆ ಸಂಬಂಧಿಸಿದ್ದು. ಸಂವಿಧಾನಕ್ಕೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠರಾಗಿರುತ್ತೇವೆ ಎಂದು ಪಕ್ಷದ ನಿಯಮಾವಳಿಯಲ್ಲಿ ಬರೆದಿರಬೇಕು ಅನ್ನುತ್ತದೆ. ಅಭ್ಯರ್ಥಿಯನ್ನು ಯಾರು, ಹೇಗೆ ಆರಿಸಬೇಕು ಅನ್ನುವುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಪದಾಧಿಕಾರಿಗಳ ಚುನಾವಣೆ ಕಾಲಕಾಲಕ್ಕೆ ನಡೆಯಬೇಕು ಎಂದು ಚುನಾವಣಾ ಆಯೋಗ ಕೇಳುತ್ತದೆ ನಿಜ, ಟಿಕೆಟ್ ವಿಷಯಕ್ಕೆ ಅದು ಕೈ ಹಾಕುವುದಿಲ್ಲ. ಮೋಸದಿಂದ ನೋಂದಣಿ ಪಡೆದಂಥ ಕೆಲವೇ ಸಂದರ್ಭ ಬಿಟ್ಟರೆ ಪಕ್ಷದ ನೋಂದಣಿ ರದ್ದು ಮಾಡುವ ಅಧಿಕಾರವೂ ಆಯೋಗಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಕಾನೂನು ಆಯೋಗ 1999ರ 170ನೇ ವರದಿಯಲ್ಲೂ 2015ರ 255ನೇ ವರದಿಯಲ್ಲೂ ಪಕ್ಷಗಳ ಒಳಗಿನ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕು ಎಂದಿತು. ಕಾನೂನು ತರಬೇಕಾದವರೇ ಟಿಕೆಟ್ ಹಂಚುವವರು, ಮುಂದಿನದು ಊಹಿಸಿಕೊಳ್ಳಿ.

ಬೇರೆ ಕಡೆ ಹೀಗಿಲ್ಲ. ಜರ್ಮನಿಯಲ್ಲಿ ಸದಸ್ಯರು ಅಥವಾ ಅವರು ಆರಿಸಿದ ಪ್ರತಿನಿಧಿಗಳು ಗುಪ್ತ ಮತದಿಂದಲೇ ಅಭ್ಯರ್ಥಿ ಆರಿಸಬೇಕೆಂಬುದು ಚುನಾವಣಾ ಕಾನೂನಿನಲ್ಲೇ ಇದೆ. ಹ್ಯಾಂಬರ್ಗ್ ರಾಜ್ಯದಲ್ಲಿ ಸಿಡಿಯು ಪಕ್ಷ ಅಭ್ಯರ್ಥಿಗಳನ್ನು ಆರಿಸಿದ ರೀತಿ ಸರಿಯಿಲ್ಲ ಎಂದು 1993ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1991ರ ಇಡೀ ಚುನಾವಣೆಯನ್ನೇ ಅಸಿಂಧು ಮಾಡಿ, ಮತ್ತೆ ಮತದಾನ ಮಾಡಿಸಿತು. ನಮ್ಮಲ್ಲಿ ಅಭ್ಯರ್ಥಿ ಆಗುವುದು ಎರಡು ಕಾಗದದ ಮೇಲೆ.

ಆ ಎರಡು ಕಾಗದ ಯಾವುವೆಂದು ನಿಮ್ಮ ಸಮಿತಿಗೆ ಗೊತ್ತಿರಲಿ. ಟಿಕೆಟ್ ಕೊಡುವ ಅಧಿಕಾರ ಪಕ್ಷದಲ್ಲಿ ಯಾರ ಸಹಿಗಿದೆ ಎಂದು ತಿಳಿಸುವುದು ಎ ಫಾರಂ. ಆ ಸಹಿ ಹಾಕುವವರು ಇಂಥ ಕ್ಷೇತ್ರಕ್ಕೆ ಇಂಥವರು ನಮ್ಮ ಅಭ್ಯರ್ಥಿ ಎಂದು ಬರೆದುಕೊಡುವುದು ಬಿ ಫಾರಂ. 1968ರ ಚಿಹ್ನೆಗಳ ಆದೇಶದ ಪ್ರಕಾರ ಎರಡೂ ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಮೇಜಿಗೆ ಬಂದಿರಬೇಕು. ಸಹಿ ಶಾಯಿಯಲ್ಲೇ ಇರಬೇಕು; ಸಹಿಯ ಮೊಹರು ಒತ್ತಿದ್ದು, ಫ್ಯಾಕ್ಸಿನಲ್ಲಿ ಬಂದದ್ದು ನಡೆಯುವುದಿಲ್ಲ. 3 ಗಂಟೆ 5 ನಿಮಿಷಕ್ಕೆ ಬಂದ ಬಿ ಫಾರಂ ರದ್ದಿ ಕಾಗದ.

ಒಬ್ಬರಿಗೆ ಬಿ ಫಾರಂ ಕೊಟ್ಟ ಮೇಲೆ ಮನಸ್ಸು ಬದಲಿಸಿ ಇನ್ನೊಬ್ಬರಿಗೆ ಕೊಟ್ಟರೆ, ಮೊದಲಿನದು ರದ್ದು ಎಂದು ಎರಡನೆಯದರಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಬರೆಯದಿದ್ದರೆ ಇಬ್ಬರಲ್ಲಿ ಯಾರ ನಾಮಪತ್ರ ಮೊದಲು ಸಲ್ಲಿಕೆಯಾಗಿದೆಯೋ ಅವರೇ ಪಕ್ಷದ ಅಭ್ಯರ್ಥಿ. ಕೊನೆಯ ದಿನ ತಾಲ್ಲೂಕು ಕಚೇರಿ ಮುಂದೆ ನಡೆಯುವ ಓಟದ ಗುಟ್ಟು ಇದೇ.

ಬಿ ಫಾರಂನಲ್ಲಿ ಬದಲಿ ಅಭ್ಯರ್ಥಿಗೂ ಜಾಗವಿದೆ. ಮೊದಲನೆಯವರ ನಾಮಪತ್ರ ಪರಿಶೀಲನೆಯಲ್ಲಿ ಬಿದ್ದರೆ, ಅಥವಾ ಅವರು ಹಿಂದೆ ಸರಿದರೆ, ಬದಲಿಯವರು ಪಕ್ಷದ ಅಭ್ಯರ್ಥಿ. 2018ರಲ್ಲಿ ಮುಳಬಾಗಿಲು ಮೀಸಲು ಕ್ಷೇತ್ರದಲ್ಲಿ ಜಾತಿ ಪ್ರಮಾಣಪತ್ರದ ಕಾರಣಕ್ಕೆ ಕಾಂಗ್ರೆಸ್‌ನ ಕೊತ್ತೂರು ಮಂಜುನಾಥ್ ಅವರ ನಾಮಪತ್ರ ತಿರಸ್ಕೃತವಾಗಿ, ಪಕ್ಷ ಕಡೆಗೆ ಪಕ್ಷೇತರರಾಗಿದ್ದ ಎಚ್. ನಾಗೇಶ್ ಅವರನ್ನು ಬೆಂಬಲಿಸಿತು; ಅವರು ಗೆದ್ದರು. ಅಂಥ ಅದೃಷ್ಟವನ್ನು ಎಲ್ಲ ಕಡೆ ನೆಚ್ಚಿಕೊಳ್ಳುವುದಕ್ಕಾಗುವುದಿಲ್ಲ. ನಿಮ್ಮ ಮತದಾನದಲ್ಲಿ ಎರಡನೆಯವರಾಗಿ ಬಂದವರ ಹೆಸರನ್ನೇ ಬದಲಿ ಎಂದು ಬರೆಸಿ. ನ್ಯಾಯವೂ ಹೌದು, ಬಂಡಾಯಕ್ಕೆ ಅರ್ಧ ಮದ್ದೂ ಹೌದು.

ಇಷ್ಟಕ್ಕೆಲ್ಲ ಮೊದಲು ಒಂದು ಕೆಲಸ ಮಾಡಿ. "ಪರಿಗಣಿಸೋಣ" ಅನ್ನುವ ಮಾತನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಫಲಿತಾಂಶಕ್ಕೆ ಬದ್ಧರೋ, ಅಥವಾ ಬದಲಾಯಿಸುವುದಿದ್ದರೆ ಕಾರಣ ಬರೆದುಕೊಡುತ್ತೀರೋ, ಎರಡರಲ್ಲಿ ಒಂದನ್ನು ರಾಜ್ಯ ಸಮಿತಿಯ ನಿರ್ಣಯವಾಗಿ ಮಾಡಿಸಿ, ಬಿ ಫಾರಂಗೆ ಸಹಿ ಹಾಕುವವರಿಂದಲೇ ರುಜು ಹಾಕಿಸಿ. ಕೋರ್ಟಿನಲ್ಲಿ ಇದರಿಂದ ಟಿಕೆಟ್ ಸಿಗುತ್ತದೆ ಅಂದುಕೊಳ್ಳಬೇಡಿ. ಆದರೆ ಆ ಕಾಗದ ಇಲ್ಲದೆ 2,400 ಜನರನ್ನು ಸಾಲಿನಲ್ಲಿ ನಿಲ್ಲಿಸಿದರೆ, ಫಲಿತಾಂಶ ತಿರುಗಿಬಿದ್ದ ದಿನ ಅವರ ಮುಖ ನೋಡುವುದು ಕಷ್ಟ.

ಎಣಿಕೆ ಮೇಜು (ಚಿಂತಾಮಣಿ)

ನಡೆಸುವ ವಿಧಾನ ನಾನು ಹೇಳುತ್ತೇನೆ. ಮತದಾನದ ದಿನ ಮೋಸ ನಡೆಯುವುದು ಅಪರೂಪ. ಅದು ಮೂರು ತಿಂಗಳು ಮೊದಲೇ ಸದಸ್ಯರ ಪಟ್ಟಿಯಲ್ಲಿ ಮುಗಿದಿರುತ್ತದೆ. ಡೇರಿ ಸಂಘದ, ಸೊಸೈಟಿ ಚುನಾವಣೆ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅರ್ಹರು ಯಾರು ಅನರ್ಹರು ಯಾರು ಅನ್ನುವುದರಲ್ಲೇ ಅರ್ಧ ಫಲಿತಾಂಶ ಇರುತ್ತದೆ.

ಹಾಗಾಗಿ ಮೊದಲು ಒಂದು ಗಡಿ ದಿನ ಇಟ್ಟುಕೊಳ್ಳಿ, ಅದರೊಳಗೆ ಸದಸ್ಯರಾದವರಿಗಷ್ಟೆ ಮತ. ಮತದಾನ ಮಾಡುವ ತೀರ್ಮಾನ ಹೊರಬೀಳುವ ದಿನಕ್ಕಿಂತ ಹಿಂದಿನ ದಿನಾಂಕವೇ ಆಗಬೇಕು. ಮುಂದಿನ ದಿನಾಂಕ ಇಟ್ಟರೆ ದುಡ್ಡಿರುವ ಆಕಾಂಕ್ಷಿ ಸದಸ್ಯತ್ವ ಪುಸ್ತಕಗಳನ್ನು ಕಟ್ಟುಗಟ್ಟಲೆ ಒಯ್ದು ಊರಿಗೆ ಊರೇ ಸೇರಿಸುತ್ತಾರೆ, ಶುಲ್ಕವೂ ಅವರದೇ. ಮಿಸ್ಡ್ ಕಾಲ್ ಸದಸ್ಯರನ್ನು ಈ ಲೆಕ್ಕಕ್ಕೆ ಹಿಡಿಯಲೇಬೇಡಿ.

ನಂತರ 2,400 ಹೆಸರನ್ನೂ ವಿಧಾನಸಭಾ ಮತದಾರರ ಪಟ್ಟಿಯ ಜೊತೆ ತಾಳೆ ನೋಡಿ. ಪ್ರತಿ ಹೆಸರಿನ ಮುಂದೆ ಭಾಗ ಸಂಖ್ಯೆ, ಕ್ರಮಸಂಖ್ಯೆ, ಗುರುತಿನ ಚೀಟಿ ಸಂಖ್ಯೆ. ಸತ್ತವರು, ಮದುವೆಯಾಗಿ ಬೇರೆ ತಾಲ್ಲೂಕಿಗೆ ಹೋದವರು, ಪೀಣ್ಯ ಕಡೆ ಕೆಲಸಕ್ಕೆ ಹೋಗಿ ಓಟನ್ನೂ ಅಲ್ಲಿಗೇ ಬದಲಿಸಿಕೊಂಡವರು, ಎರಡು ಹೋಬಳಿಯಲ್ಲಿ ಎರಡು ಸಲ ಬರೆಸಿಕೊಂಡವರು ಎಲ್ಲ ಇಲ್ಲೇ ಸಿಗುತ್ತಾರೆ. ಪಟ್ಟಿಯನ್ನು ಹೋಬಳಿವಾರು ಅಂಟಿಸಿ, 15 ದಿನ ಆಕ್ಷೇಪಣೆಗೆ ಬಿಡಿ. ನಾಲ್ವರು ಆಕಾಂಕ್ಷಿಗಳಿಗೂ ಒಂದೇ ದಿನ ಒಂದೊಂದು ಪ್ರತಿ ಕೊಡಿ. ಒಬ್ಬರ ಕೈಗೆ ಒಂದು ವಾರ ಮುಂಚೆ ಫೋನ್ ನಂಬರ್ ಸಮೇತ ಸಿಕ್ಕಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ಆಕ್ಷೇಪಣೆ ತೀರ್ಮಾನಿಸುವ ಮೂವರು ಆಕಾಂಕ್ಷಿಗಳ ಬಂಧುಗಳಾಗಿರಬಾರದು, ಅವರ ಕೈಕೆಳಗೆ ಗುತ್ತಿಗೆ ಮಾಡುವವರಾಗಿರಬಾರದು. ಪಕ್ಕದ ತಾಲ್ಲೂಕಿನಿಂದ ಕರೆಸಿಕೊಳ್ಳುವುದು ವಾಸಿ, ಮಧುಗಿರಿಯವರೋ ಚಿಕ್ಕನಾಯಕನಹಳ್ಳಿಯವರೋ.

ಆಕಾಂಕ್ಷಿಗಳ ಅರ್ಜಿ ಜೊತೆ, ನಾಮಪತ್ರಕ್ಕೆ ಲಗತ್ತಿಸುವ 26ನೇ ನಮೂನೆಯ ಪ್ರಮಾಣಪತ್ರದ ಕರಡನ್ನು ಈಗಲೇ ತೆಗೆದುಕೊಳ್ಳಿ: ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆ. ಯಾವ ಕಾಲಂ ಕೂಡ ಖಾಲಿ ಬೇಡ, "ಇಲ್ಲ" ಎಂದಾದರೂ ಬರೆಸಿ. ಪ್ರಕರಣ ಬಾಕಿ ಇರುವವರು ಗೆದ್ದರೆ ಪಕ್ಷಕ್ಕೆ ಇನ್ನೊಂದು ಕೆಲಸವಿದೆ. ಸುಪ್ರೀಂ ಕೋರ್ಟಿನ 2020 ಮತ್ತು 2021ರ ಆದೇಶಗಳ ಪ್ರಕಾರ ಅಭ್ಯರ್ಥಿ ಆಯ್ಕೆಯಾದ 48 ಗಂಟೆಯೊಳಗೆ ಆ ಪ್ರಕರಣಗಳ ವಿವರವನ್ನೂ, ಪ್ರಕರಣವಿಲ್ಲದ ಬೇರೆಯವರನ್ನು ಬಿಟ್ಟು ಇವರನ್ನೇ ಯಾಕೆ ಆರಿಸಿದಿರಿ ಎಂಬ ಕಾರಣವನ್ನೂ ಸಿ-7 ನಮೂನೆಯಲ್ಲಿ ಪ್ರಕಟಿಸಬೇಕು. "ಗೆಲ್ಲುವ ಕುದುರೆ" ಅನ್ನುವುದು ಅಲ್ಲಿ ಕಾರಣವಾಗಿ ನಡೆಯುವುದಿಲ್ಲ.

ಮತಗಟ್ಟೆ ಪ್ರತಿ ಹೋಬಳಿಯಲ್ಲೂ ಇರಲಿ. ಶಿರಾ ಪಟ್ಟಣದಲ್ಲಿ ಒಂದೇ ಕಡೆ ಇಟ್ಟರೆ ಹುಲಿಕುಂಟೆ ಕಡೆಯವರನ್ನು ಕರೆತರುವ ಗಾಡಿ ಯಾರದೋ ಓಟೂ ಅವರದೇ. ಒಬ್ಬರ ಹೆಸರು ಹುಡುಕಿ, ರುಜು ಹಾಕಿಸಿ, ಚೀಟಿ ಕೊಡುವುದಕ್ಕೆ ಒಂದು ನಿಮಿಷ ಹಿಡಿಯಿರಿ. ಬೆಳಿಗ್ಗೆ 8ರಿಂದ 3ರವರೆಗೆ ಒಂದು ಮೇಜಿಗೆ 420 ಜನ. ಕಸಬಾಕ್ಕೆ ಎರಡು ಮೂರು ಮೇಜು ಬೇಕಾಗಬಹುದು, ಉಳಿದ ಕಡೆ ಒಂದೊಂದು ಸಾಕು. ಸಂತೆ ದಿನ, ಜಾತ್ರೆ ದಿನ ಬೇಡ.

ಮತಪತ್ರದಲ್ಲಿ ಹೆಸರು, ಭಾವಚಿತ್ರ. ಮೇಲೆ ಇರುವ ಹೆಸರಿಗೆ ನಾಲ್ಕು ಓಟು ಹೆಚ್ಚು ಬೀಳುವುದುಂಟು, ಆದ್ದರಿಂದ ನಾಲ್ಕು ಬಗೆಯ ಅನುಕ್ರಮದಲ್ಲಿ ಸಮನಾಗಿ 600ರಂತೆ ಅಚ್ಚು ಹಾಕಿಸಿ ಕಲೆಸಿಡಿ. ಚೀಟಿಯ ಕ್ರಮಸಂಖ್ಯೆಯನ್ನು ಹೆಸರಿನ ಎದುರು ಬರೆದುಕೊಳ್ಳಬೇಡಿ. ಮರೆಯೊಳಗೆ ಮೊಬೈಲ್ ಬಿಡಲೇಬೇಡಿ, ಚೀಟಿಯ ಫೋಟೊ ತೋರಿಸಿದವರಿಗೆ ಬಾಕಿ ದುಡ್ಡು ಅನ್ನುವ ವ್ಯವಹಾರ ನಡೆಯುವುದು ಅಲ್ಲೇ. ಕಡೆಗೆ ಎಲ್ಲ ಪೆಟ್ಟಿಗೆಯ ಚೀಟಿಗಳನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲೆಸಿ, ಆಮೇಲೆ ಎಣಿಸಿ. ಹೋಬಳಿವಾರು ಎಣಿಸಿದರೆ "ಗೌಡಗೆರೆಯವರು ನಮಗೆ ಹಾಕಲಿಲ್ಲ" ಎಂದು ಮರುದಿನವೇ ಶುರುವಾಗುತ್ತದೆ. ಸುರಿಯುವ ಮೊದಲು ಪ್ರತಿ ಪೆಟ್ಟಿಗೆಯ ಚೀಟಿಗಳ ಸಂಖ್ಯೆಯನ್ನು ರುಜುಗಳ ಸಂಖ್ಯೆಗೆ ತಾಳೆ ಮಾಡಿ ಏಜೆಂಟರ ಸಹಿ ತೆಗೆದುಕೊಂಡಿರಬೇಕು. ಇಲ್ಲದಿದ್ದರೆ ಹೆಚ್ಚುವರಿ ಚೀಟಿ ಎಲ್ಲಿಂದ ಬಂತೆಂದು ಹುಡುಕಲು ಆಗುವುದಿಲ್ಲ.

ನಾಲ್ವರು ಇರುವುದರಿಂದ ಪ್ರಾಶಸ್ತ್ಯದ ಮತವೇ ಸರಿ. ನಮ್ಮ ಕಡೆಯವರಿಗೆ ಹೊಸದೇನಲ್ಲ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸೇರಿದ ಆಗ್ನೇಯ ಪದವೀಧರರ, ಶಿಕ್ಷಕರ ಕ್ಷೇತ್ರಗಳಲ್ಲಿ ನೇರಳೆ ಸ್ಕೆಚ್ ಪೆನ್ನಿನಲ್ಲಿ 1, 2, 3 ಬರೆದು ಅಭ್ಯಾಸವಿದೆ. ಯಾಕೆ ಬೇಕು ನೋಡಿ. 400 ಮತ ಎಂದಿಟ್ಟುಕೊಳ್ಳೋಣ. ಕ: 150, ಖ: 110, ಗ: 90, ಘ: 50. ಬರೀ ಮೊದಲ ಮತ ಎಣಿಸಿದರೆ ಕ ಗೆದ್ದರು, ಆದರೆ 250 ಜನಕ್ಕೆ ಅವರು ಮೊದಲ ಆಯ್ಕೆಯಲ್ಲ. ಕೊನೆಯ ಘ ಅವರನ್ನು ತೆಗೆದು ಅವರ 50 ಚೀಟಿಯ ಎರಡನೇ ಪ್ರಾಶಸ್ತ್ಯ ನೋಡಿದಾಗ ಖ ಅವರಿಗೆ 35, ಗ ಅವರಿಗೆ 10, ಉಳಿದ 5ರಲ್ಲಿ ಎರಡನೇ ಪ್ರಾಶಸ್ತ್ಯವನ್ನೇ ಬರೆದಿಲ್ಲ. ಈಗ 150, 145, 100. ಗ ಅವರನ್ನೂ ತೆಗೆದರೆ ಅವರ 100ರಲ್ಲಿ ಖ ಅವರಿಗೆ 60, ಕ ಅವರಿಗೆ 25, 15 ನಿಂತುಹೋಯಿತು. ಕೊನೆಗೆ ಖ 205, ಕ 175. ಹೆಚ್ಚು ಜನ ಒಪ್ಪುವವರು ಯಾರೆಂದು ಹೊರಬೀಳುವುದು ಹೀಗೆ. 1 ಎಂದು ಬರೆಯದೆ ಗೆರೆ ಎಳೆದದ್ದು, ಇಬ್ಬರಿಗೂ 1 ಬರೆದದ್ದು ಕುಲಗೆಟ್ಟ ಮತ. ಈ ನಿಯಮವನ್ನು ಪೆಟ್ಟಿಗೆ ಒಡೆಯುವ ಮೊದಲೇ ಗೋಡೆಗೆ ಅಂಟಿಸಿ.

ಅಂತರಗಂಗೆ (ಕೋಲಾರ)

ವಿಧಾನ ಚೆನ್ನಾಗಿದೆ, ಆದರೆ ಪೂರ್ತಿ ನಂಬಿ ಕೂರಬೇಡಿ. 2014ರ ಲೋಕಸಭೆಗೆ ಕಾಂಗ್ರೆಸ್ ದೇಶದ ಕೆಲವು ಕ್ಷೇತ್ರಗಳಲ್ಲಿ ಇದನ್ನೇ ಮಾಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ಒಳಗಿನ ಮತದಲ್ಲಿ ಗೆದ್ದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಇಬ್ಬರೂ ಹೊರಗೆ ಸೋತರು. ಮೋದಿ ಅಲೆಯ ವರ್ಷದ ಸೋಲನ್ನು ವಿಧಾನದ ತಲೆಗೆ ಕಟ್ಟುವುದು ನ್ಯಾಯವಲ್ಲ ಅನ್ನುವುದೂ ಸರಿ. ಒಳಗೆ ಗೆಲ್ಲುವ ಲೆಕ್ಕ ಬೇರೆ, ಹೊರಗಿನದು ಬೇರೆ ಅಂತಷ್ಟೆ ಹೇಳುತ್ತಿದ್ದೇನೆ. 2023ರಲ್ಲಿ ಬಿಜೆಪಿಯೂ ಕ್ಷೇತ್ರವಾರು ಪದಾಧಿಕಾರಿಗಳಿಂದ ಹೆಸರು ಬರೆಸಿ ಪೆಟ್ಟಿಗೆಗೆ ಹಾಕಿಸಿತ್ತು, ಕೊನೆಯ ಮಾತು ಮಾತ್ರ ದೆಹಲಿಯದೇ. ಅದೇ ಸಲ ಕಾಂಗ್ರೆಸ್ ಅರ್ಜಿಗೆ 5,000 ರೂಪಾಯಿ, ಜೊತೆಗೆ ಸಾಮಾನ್ಯ ವರ್ಗದವರಿಂದ 2 ಲಕ್ಷ, ಪರಿಶಿಷ್ಟರಿಂದ 1 ಲಕ್ಷದ ಡಿಡಿ ಕೇಳಿತು. ವಿಧಾನಸಭೆಗೆ ನಿಲ್ಲಲು ಸರ್ಕಾರ ಕೇಳುವ ಠೇವಣಿ 10,000 ರೂಪಾಯಿ, ಪರಿಶಿಷ್ಟರಿಗೆ 5,000. ಪಕ್ಷದ ಬಾಗಿಲು ಚುನಾವಣಾ ಕಣಕ್ಕಿಂತ 20 ಪಟ್ಟು ದುಬಾರಿ!

ಮೇಲಿನಿಂದ ಇಳಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. 2023ರಲ್ಲಿ ಸಿದ್ದರಾಮಯ್ಯ ಕೋಲಾರಕ್ಕೆ ಬರುತ್ತಾರೆಂದು ತಿಂಗಳುಗಟ್ಟಲೆ ಉಳಿದ ಆಕಾಂಕ್ಷಿಗಳೆಲ್ಲ ಕೈಕಟ್ಟಿ ಕೂತರು, ಕಡೆಗೆ ಅವರು ವರುಣಾದಲ್ಲಿ ನಿಂತರು. 2024ರ ಲೋಕಸಭೆ ಟಿಕೆಟ್‌ಗೆ ಎರಡು ಬಣ ಕಿತ್ತಾಡಿ, ಶಾಸಕರು ರಾಜೀನಾಮೆಯ ಬೆದರಿಕೆ ಹಾಕಿ, ಎರಡೂ ಬಣಕ್ಕೆ ಸೇರದ ಕೆ.ವಿ. ಗೌತಮ್ ಅವರಿಗೆ ಟಿಕೆಟ್ ಹೋಗಿ, ಜೆಡಿಎಸ್‌ನ ಮಲ್ಲೇಶ್ ಬಾಬು ಗೆದ್ದರು. ನಿಮ್ಮ ಶಿರಾದಲ್ಲೇ 2020ರ ಉಪಚುನಾವಣೆಯಲ್ಲಿ ಜೆಡಿಎಸ್ ತೀರಿಕೊಂಡ ಶಾಸಕರ ಪತ್ನಿಗೆ ಟಿಕೆಟ್ ಕೊಟ್ಟಿತು, ಅನುಕಂಪ ಕೈಹಿಡಿಯಲಿಲ್ಲ.

ಸರ್ವೆ ವಿಷಯ. 400 ಜನರನ್ನು ಕೇಳಿದರೆ ಸುಮಾರು ಶೇ 5ರಷ್ಟು ಆಚೀಚೆ ಆಗುತ್ತದೆ, ಅದೂ ಮಾದರಿ ಸರಿಯಾಗಿ ಆರಿಸಿದ್ದರೆ. ನಾಲ್ವರಿಗೆ 24, 22, 19, 15 ಎಂದು ಬಂದರೆ ಮೊದಲ ಇಬ್ಬರಲ್ಲಿ ಯಾರು ಮುಂದೆ ಎಂದು ಆ ಸರ್ವೆ ಹೇಳುತ್ತಲೇ ಇಲ್ಲ. ಶೇ 2ಕ್ಕೆ ಇಳಿಸಬೇಕಾದರೆ 2,500 ಜನರನ್ನು ಕೇಳಬೇಕು. ಎಷ್ಟು ಜನರನ್ನು ಕೇಳಿದರು, ಯಾವ ಊರುಗಳಲ್ಲಿ, ಪ್ರಶ್ನೆ ಏನಿತ್ತು ಎಂದು ತೋರಿಸದ ಸರ್ವೆ ಅಂದರೆ ಮೇಲಿನವರ ಇಷ್ಟಕ್ಕೆ ಅಂಕಿಯ ಅಂಗಿ. ಹೊರಗಿನವರ ಒಲವು ತಿಳಿಯುವುದಕ್ಕೆ ಸರ್ವೆ ಇರಲಿ, ಆಯ್ಕೆಗೆ ಬೇಡ.

ಇನ್ನೊಂದು. 2,400ರಲ್ಲಿ ಹೆಂಗಸರು ಎಷ್ಟು? ಐದನೇ ಒಂದು ಭಾಗವೂ ಇಲ್ಲದಿದ್ದರೆ ಆ ಮತ ಗಂಡಸರ ಮತ. ಪಟ್ಟಿ ಅಂಟಿಸುವ ಮೊದಲು ಈ ಲೆಕ್ಕ ಮುಂದಿಟ್ಟುಕೊಳ್ಳಿ.

ಹುಣಸೇಮರ (ಶಿರಾ)

ತುಂಬ ಉಪಕಾರವಾಯಿತು. ಹೆಂಗಸರ ಲೆಕ್ಕ ನೋಡಿದೆ, 310 ಇದ್ದಾರೆ. ಗಡಿ ದಿನ ಈಗಾಗಲೇ ದಾಟಿರುವುದರಿಂದ ಹೊಸಬರನ್ನು ಸೇರಿಸುವಂತಿಲ್ಲ. ಏನು ಮಾಡಬಹುದು? ಮತ್ತೆ, ನಾಲ್ವರಿಂದಲೂ "ಸೋತರೆ ಬಂಡಾಯ ನಿಲ್ಲುವುದಿಲ್ಲ" ಎಂದು ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ನಡೆಯುತ್ತದೆಯೇ? ಖರ್ಚಿಗೆ ಮಿತಿ ಹೇಗೆ?

ಎಣಿಕೆ ಮೇಜು (ಚಿಂತಾಮಣಿ)

310 ಅಂದರೆ ಶೇ 13. ಗಡಿ ದಿನ ಮುರಿಯಬೇಡಿ, ಒಂದು ಕಡೆ ಸಡಿಲ ಬಿಟ್ಟರೆ ಎಲ್ಲ ಕಡೆ ಬಿಡಬೇಕು. ಗಂಡಸರ, ಹೆಂಗಸರ ಮತವನ್ನು ಬೇರೆ ಬೇರೆ ಎಣಿಸಿ ಶೇಕಡಾವಾರು ತೂಕ ಕೊಡುವ ಪದ್ಧತಿ ಇದೆ, ಆದರೆ ಮೊದಲ ಸಲಕ್ಕೇ ಅದನ್ನು ಹಿಡಿದರೆ ಎಣಿಕೆ ದಿನ ಯಾರಿಗೂ ಅರ್ಥವಾಗದೆ ಜಗಳವಾಗುತ್ತದೆ. ಈ ಸಲ ನೇರವಾಗಿ ಎಣಿಸಿ, ಅಣ್ಣ. ಮುಂದಿನ ಸಲಕ್ಕೆ ಇಂದಿನಿಂದಲೇ ಸದಸ್ಯತ್ವ ಮಾಡಿಸಿ.

ಖರ್ಚು ಮಾತ್ರ ಈಗಲೇ ಕಟ್ಟಿಹಾಕಿ. ವಿಧಾನಸಭೆ ಅಭ್ಯರ್ಥಿಗೆ ಇರುವ 40 ಲಕ್ಷದ ಮಿತಿಯ ಲೆಕ್ಕ ಶುರುವಾಗುವುದು ನಾಮಪತ್ರ ಸಲ್ಲಿಸಿದ ದಿನದಿಂದ. ಅದಕ್ಕೆ ಮೊದಲು ಪಕ್ಷದೊಳಗೆ ಹರಿದ ದುಡ್ಡು ಆ ಲೆಕ್ಕಕ್ಕೆ ಸಿಗುವುದೇ ಇಲ್ಲ. ನಾಲ್ವರ ಹೆಸರಿನಲ್ಲೂ ಸಮಿತಿಯೇ ಒಂದು ಕರಪತ್ರ ಅಚ್ಚು ಹಾಕಿಸಲಿ, ಹೋಬಳಿಗೊಂದು ಸಭೆ, ಒಬ್ಬೊಬ್ಬರಿಗೆ 15 ನಿಮಿಷ. ಬಾಡೂಟ, ಧರ್ಮಸ್ಥಳ ತಿರುಪತಿ ಬಸ್ಸು, ಸೀರೆ, ಕುಕ್ಕರ್ ಕಂಡರೆ ಹೆಸರು ಮತಪತ್ರದಿಂದ ಹೊರಕ್ಕೆ. ತೀರ್ಮಾನಿಸುವುದು ಪಕ್ಕದ ತಾಲ್ಲೂಕಿನ ಆ ಮೂವರೇ.

ಬಾರ್‌ರೂಮ್ ಬೆಂಚು (ತುಮಕೂರು)

ಛಾಪಾ ಕಾಗದಕ್ಕೆ ದುಡ್ಡು ದಂಡ. ಚುನಾವಣೆಗೆ ನಿಲ್ಲುವ ಹಕ್ಕು ಶಾಸನ ಕೊಟ್ಟದ್ದು, ಚುನಾವಣಾಧಿಕಾರಿ ಆ ಕರಾರನ್ನು ಮುಟ್ಟಿಯೂ ನೋಡುವುದಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಪಕ್ಷದೊಳಗಿನ ಮತದಲ್ಲಿ ಸೋತವರು ಅದೇ ಚುನಾವಣೆಗೆ ಪಕ್ಷೇತರರಾಗಿ ನಿಲ್ಲದಂತೆ ಕಾನೂನಿದೆ, ನಮ್ಮಲ್ಲಿಲ್ಲ. 2023ರಲ್ಲಿ ತುಮಕೂರು ನಗರದಲ್ಲಿ ಬಿಜೆಪಿ ಟಿಕೆಟ್ ಸಿಗದೆ ಸೊಗಡು ಶಿವಣ್ಣ ಪಕ್ಷೇತರರಾಗಿ ನಿಂತದ್ದು ನೆನಪಿರಬಹುದು. ಸಹಿ ಮಾಡಿದ ಖಾಲಿ ನಾಮಪತ್ರ ಹಿಂತೆಗೆತದ ನಮೂನೆ ತೆಗೆದಿಟ್ಟುಕೊಳ್ಳುವ ಚಾಳಿಯೂ ಇದೆ, ಅದೂ ಬೇಡ. ಅಭ್ಯರ್ಥಿಯೇ ಕೊಡಬೇಕು, ಇಲ್ಲವೇ ಅವರು ಬರಹದಲ್ಲಿ ಅಧಿಕಾರ ಕೊಟ್ಟ ಸೂಚಕರೋ (ನಾಮಪತ್ರದಲ್ಲಿ ಅವರ ಹೆಸರು ಸೂಚಿಸಿ ಸಹಿ ಹಾಕಿದವರು) ಚುನಾವಣಾ ಏಜೆಂಟರೋ ಕೊಡಬೇಕು. ಒತ್ತಾಯದ್ದೆಂದು ಗೊತ್ತಾದರೆ ಪಕ್ಷಕ್ಕೇ ಸುತ್ತಿಕೊಳ್ಳುತ್ತದೆ.

ಬಂಡಾಯ ತಡೆಯುವ ದಾರಿ ದಿನಾಂಕದಲ್ಲಿದೆ. 2023ರಲ್ಲಿ ನಾಮಪತ್ರ ಏಪ್ರಿಲ್ 13ರಿಂದ 20, ಪರಿಶೀಲನೆ 21, ಹಿಂದೆ ಸರಿಯಲು 24, ಮತದಾನ ಮೇ 10. ಬಿಜೆಪಿಯ ಮೊದಲ ಪಟ್ಟಿ ಬಂದದ್ದು ಏಪ್ರಿಲ್ 11ಕ್ಕೆ. ಟಿಕೆಟ್ ತಪ್ಪಿದವರ ಮನವೊಲಿಸಲು ಉಳಿದದ್ದು ಎರಡು ವಾರಕ್ಕಿಂತ ಕಡಿಮೆ. ನಿಮ್ಮ ಎಣಿಕೆ ಜನವರಿ ಕೊನೆಗೆ ಮುಗಿದು, ಫೆಬ್ರುವರಿಯಲ್ಲಿ ರಾಜ್ಯ ಸಮಿತಿಯ ಉತ್ತರ ಬರಹದಲ್ಲಿ ಬರುವಂತೆ ನೋಡಿಕೊಳ್ಳಿ. ಸೋತವರಿಗೆ ಎರಡು ತಿಂಗಳು ಸಿಕ್ಕರೆ ಸಿಟ್ಟು ಇಳಿಯುತ್ತದೆ, ಅಥವಾ ಅವರು ಬೇರೆ ಪಕ್ಷ ಸೇರುತ್ತಾರೆ. ಎರಡಾದರೂ ಮೊದಲೇ ಗೊತ್ತಾಗುತ್ತದೆ. ಪಕ್ಷೇತರರಾಗಿ ನಿಲ್ಲುವವರಿಗೆ ಸ್ಥಳೀಯ ಮತದಾರರಾದ 10 ಸೂಚಕರು ಬೇಕು, ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬರು ಸಾಕು. ನಿಮ್ಮ ಪಕ್ಷಕ್ಕೆ ಮಾನ್ಯತೆ ಇಲ್ಲದಿದ್ದರೆ ನಿಮಗೂ 10 ಬೇಕು, ಅದನ್ನು ಕೊನೆಯ ದಿನಕ್ಕೆ ಬಿಡಬೇಡಿ. ಆ ಹತ್ತರಲ್ಲಿ ಮೂವರನ್ನು ಸೋತ ಆಕಾಂಕ್ಷಿಗಳಿಂದಲೇ ಕೇಳಿ. ಕೊಟ್ಟರೆ ಸರಿ, ಕೊಡದಿದ್ದರೆ ಏನು ನಡೆಯುತ್ತಿದೆ ಎಂದು ನಿಮಗೆ ಅಂದೇ ತಿಳಿಯುತ್ತದೆ.